‘ಬರುವ ಸರಕು’ ಎಂಬ ಖಾಲಿ ಕಲಮು: ಜಲಮಾರ್ಗದ ಅಧಿಕಾರಿಗಳಿಗೆ ಬಾರ್ಜ್ ಕಂಪನಿಯ ಹಳೆಯ ಗುಮಾಸ್ತನ ಬಹಿರಂಗ ಪತ್ರ

ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರದ ಮಾನ್ಯ ಅಧ್ಯಕ್ಷರಿಗೆ ಹಾಗೂ ಕರ್ನಾಟಕ ಜಲಸಾರಿಗೆ ಮಂಡಳಿಯ ಮಾನ್ಯ ಮುಖ್ಯಸ್ಥರಿಗೆ,

ಸವಿನಯ ನಮಸ್ಕಾರಗಳು.

ನಾನು ಕಾರವಾರದ ಕಡೆಯವನು. ಹರೆಯದಲ್ಲಿ ಗೋವಾಕ್ಕೆ ಹೋಗಿ, ಅಲ್ಲಿನ ಒಂದು ಕುಟುಂಬ ನಡೆಸುತ್ತಿದ್ದ ಬಾರ್ಜ್ (ನದಿಯಲ್ಲಿ ಸರಕು ಸಾಗಿಸುವ ದೊಡ್ಡ ದೋಣಿ) ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿ, ಆ ಕಂಪನಿ ಬಾಗಿಲು ಹಾಕುವವರೆಗೂ ಅದರ ಕಿರ್ದಿ–ಖತಾವಣಿ ಬರೆದವನು. ಕಂಪನಿ ಎಂದೆನಾದರೂ ಅದಕ್ಕೆ ಹೊರಗಡೆ ಒಂದು ಫಲಕ ಕೂಡ ಇರಲಿಲ್ಲ. ಧನಿಗಳ ಮನೆಯ ಜಗಲಿಯೇ ಕಚೇರಿ, ಅವರ ತಾಯಿಯ ಹಳೆಯ ಬೀರುವೇ ದಾಖಲೆಗಳ ಕೋಣೆ. ಆ ಮನೆಯವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ಸಾಲ ತೀರಿಸಿ, ತಲೆತಗ್ಗಿಸಿ ಬದುಕುವುದನ್ನು ರೂಢಿ ಮಾಡಿಕೊಂಡವರು, ಮತ್ತೆ ಊರ ಬಾಯಿಗೆ ಬೀಳುವುದು ಅವರಿಗೆ ಬೇಡ. ಆದರೆ ಅವರ ಮೂರು ತಲೆಮಾರಿನ ಲೆಕ್ಕದಲ್ಲಿ ತಮ್ಮಿಬ್ಬರ ಕಚೇರಿಗಳಿಗೂ ಬೇಕಾದ ಒಂದು ಸಂಗತಿ ಇದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿರುವುದರಿಂದ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆಯಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿ ಇದೆ. ನಮ್ಮ ಕಾಳಿ ನದಿಗೆ ಅದರಲ್ಲಿ 52ನೆಯ ಸಂಖ್ಯೆ, ನೇತ್ರಾವತಿಗೆ 74, ಶರಾವತಿಗೆ 90. ಅಂದಿನಿಂದ ಈ ನದಿಗಳಲ್ಲಿ ನೀರಿನ ಆಳ ಎಷ್ಟು, ಹೂಳು ಎಷ್ಟು, ಸೇತುವೆಯ ಕೆಳಗೆ ಎಷ್ಟು ಜಾಗ ಉಳಿಯುತ್ತದೆ ಎಂಬ ಅಳತೆಯ ಮಾತು ನಡೆಯುತ್ತಲೇ ಇದೆ. ಅಳೆಯಬೇಕಾದದ್ದೇ, ತಪ್ಪಲ್ಲ. ಆದರೆ ನದಿಯಲ್ಲಿ ಸರಕು ಸಾಗಿಸಿ ಹೊಟ್ಟೆ ಹೊರೆದವರ ಜಮಾ–ಖರ್ಚು ಏನು ಹೇಳುತ್ತದೆ ಎಂದು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಅದೇ ಪಟ್ಟಿಯಲ್ಲಿ ಮಾಂಡೋವಿಗೆ 68, ಜುವಾರಿಗೆ 111, ಎರಡನ್ನೂ ಒಳಗೊಳಗೇ ಕೂಡಿಸುವ ಕುಂಭಾರಜುವೆ ಕಾಲುವೆಗೆ 27 ಎಂಬ ಸಂಖ್ಯೆಗಳಿವೆ. ಮಾಂಡೋವಿಯ ಜಲಮಾರ್ಗ 41 ಕಿಲೋಮೀಟರ್, ಜುವಾರಿಯದು 50, ಕಾಲುವೆಯದು 17. ಮಾಂಡೋವಿ ಎಂದರೆ ಬೇರೆ ಯಾವುದೂ ಅಲ್ಲ, ಖಾನಾಪುರ ತಾಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟುವ ನಮ್ಮ ಮಹಾದಾಯಿ. ಮಹಾದಾಯಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕಳಸಾ–ಬಂಡೂರಿ ಮತ್ತು ನ್ಯಾಯಮಂಡಳಿ. ಆ ನದಿಯ ಕೆಳಗಿನ ಭಾಗ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೇಶದ ಒಳನಾಡು ಜಲಸಾರಿಗೆಯ ದೊಡ್ಡ ಪಾಲನ್ನು ಹೊತ್ತಿತ್ತು ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ. ಆಗ ಅದಕ್ಕೆ ಯಾವ ರಾಷ್ಟ್ರೀಯ ಸಂಖ್ಯೆಯೂ ಇರಲಿಲ್ಲ. ಸಂಖ್ಯೆ ಬಂದ ವರ್ಷ ನಮ್ಮ ಬಾರ್ಜುಗಳು ದಂಡೆಗೆ ಕಟ್ಟಿದಲ್ಲೇ ತುಕ್ಕು ಹಿಡಿಯುತ್ತಿದ್ದವು.

ಧನಿಗಳ ಅಜ್ಜನ ಕಾಲದ ಕಿರ್ದಿಗಳನ್ನು ನಾನು ಬರೆದದ್ದಲ್ಲ, ಓದಿದ್ದು. ಅವರಿಗಿದ್ದದ್ದು ಬಾರ್ಜ್ ಅಲ್ಲ, ಹಾಯಿಯ ಮಚವೆಗಳು. ಉಬ್ಬರ ಏರುವಾಗ ಮೇಲಕ್ಕೆ, ಇಳಿತ ಶುರುವಾದಾಗ ಕೆಳಕ್ಕೆ, ಗಾಳಿ ಇಲ್ಲದಿದ್ದರೆ ಗಳ ಹಾಕಿ ನೂಕುವುದು. ಆ ಪುಸ್ತಕದ ಪ್ರತಿ ಪುಟದಲ್ಲಿ ಎರಡು ಕಲಮುಗಳಿವೆ: ಎಡಕ್ಕೆ ‘ಹೋಗುವ ಸರಕು’, ಬಲಕ್ಕೆ ‘ಬರುವ ಸರಕು’. ಒಳನಾಡಿನಿಂದ ಕಟ್ಟಿಗೆ, ತೆಂಗಿನಕಾಯಿ, ಅಡಿಕೆ, ಗೋಡಂಬಿ ಇಳಿಯುತ್ತಿದ್ದವು. ಬಂದರಿನಿಂದ ಉಪ್ಪು, ಅಕ್ಕಿ, ಒಣಮೀನು, ಮಂಗಳೂರು ಹೆಂಚು ಏರುತ್ತಿದ್ದವು. ಹೆಂಚು ಬಂದದ್ದು ನಮ್ಮದೇ ನೇತ್ರಾವತಿಯ ದಂಡೆಯಿಂದ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅಲ್ಲಿ ಕಾರ್ಖಾನೆಗಳು ಸಾಲುಗಟ್ಟಿ ಹೊಳೆಬದಿಯಲ್ಲೇ ಎದ್ದದ್ದು ಸುಮ್ಮನೆ ಅಲ್ಲ: ಜೇಡಿಮಣ್ಣು ಬರುವುದೂ ದೋಣಿಯಲ್ಲಿ, ಸುಟ್ಟ ಹೆಂಚು ಹೋಗುವುದೂ ದೋಣಿಯಲ್ಲಿ. ಆ ಕಾಲದ ಲೆಕ್ಕದಲ್ಲಿ ಲಾಭ ಬಹಳ ಸಣ್ಣದು. ಆದರೆ ಒಂದು ಕಲಮು ತುಂಬಿ ಇನ್ನೊಂದು ಖಾಲಿ ಉಳಿದ ಪುಟವನ್ನು ಹುಡುಕಿದರೂ ಸಿಗುವುದು ಕಷ್ಟ.

ಇದು ಬದಲಾದದ್ದು 1950ರ ದಶಕದಲ್ಲಿ. ಯುದ್ಧದಿಂದ ಎದ್ದು ನಿಲ್ಲುತ್ತಿದ್ದ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಕಬ್ಬಿಣದ ಅದಿರು ಬೇಕಿತ್ತು. ಚೌಗುಲೆಯವರು ಜಪಾನಿನವರ ಸಾಲ ಮತ್ತು ಯಂತ್ರಗಳಿಂದ ಶಿರಗಾಂವದ ಗಣಿಯನ್ನು ಯಾಂತ್ರಿಕಗೊಳಿಸಿದರು. ದೆಂಪೊ, ಸಾಲಗಾಂವಕರ ಮೊದಲಾದ ಮನೆತನಗಳೂ ಗಣಿ, ಧಕ್ಕೆ, ದೋಣಿ ಎಲ್ಲವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡು ಬೆಳೆದವು. ಅದೇ ಹೊತ್ತಿಗೆ ಭಾರತ ಸರ್ಕಾರ ಪೋರ್ಚುಗೀಸ್ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು. ಗಡಿಯಾಚೆಯ ಅಕ್ಕಿ, ಹೆಂಚುಗಳ ವ್ಯಾಪಾರ ನಿಂತಿತು. ವಿದೇಶಕ್ಕೆ ಹೋಗುವ ಅದಿರು ನಿಲ್ಲಲಿಲ್ಲ. ನಮ್ಮ ಧನಿಗಳ ಅಜ್ಜ ದೂರದೃಷ್ಟಿಯಿಂದ ಅದಿರಿಗೆ ಇಳಿದವರೆಂದು ಮನೆಯವರು ಹೇಳುವುದುಂಟು. ಪುಸ್ತಕ ನೋಡಿದ ನನಗೆ ಹಾಗೆ ಅನ್ನಿಸಲಿಲ್ಲ, ಬೇರೆ ಸರಕೇ ಇಲ್ಲದ್ದರಿಂದ ಇಳಿದರು. ಹೆಂಗಸರು ಬುಟ್ಟಿಯಲ್ಲಿ ಅದಿರು ಹೊತ್ತು ಹಲಗೆಯ ಮೇಲೆ ನಡೆದು ಮಚವೆಗೆ ಸುರಿಯುತ್ತಿದ್ದರು. ಬುಟ್ಟಿಗೆ ಇಷ್ಟು ಎಂದು ಕೂಲಿ ಬರೆದ ಪುಟಗಳೂ ಅಲ್ಲಿವೆ.

1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾಯಿತು, ದಿಗ್ಬಂಧನ ಹೋಯಿತು. ಆದರೆ ನಿಂತುಹೋದ ಸರಕುಗಳು ನದಿಗೆ ಮರಳಲಿಲ್ಲ. ರಸ್ತೆ ಆಗಿತ್ತು, ಲಾರಿ ಬಂದಿತ್ತು. ಎರಡನೆಯ ತಲೆಮಾರಿನವರು ಮಚವೆಗಳನ್ನು ಮಾರಿ, ಇಂಜಿನ್ ಇರುವ ಉಕ್ಕಿನ ಬಾರ್ಜ್ ಕಟ್ಟಿಸಿದರು. ನಾನು ಸೇರಿದ್ದು ಅವರ ಕಾಲದಲ್ಲಿ. ಸೇರಿದ ಮೊದಲ ವರ್ಷ ನಾನೂ ಕಿರ್ದಿಯಲ್ಲಿ ಎರಡು ಕಲಮು ಎಳೆಯುತ್ತಿದ್ದೆ, ಬಲಗಡೆಯದರಲ್ಲಿ ದಿನವೂ ‘ಖಾಲಿ’ ಎಂದು ಬರೆಯುತ್ತಿದ್ದೆ. ಕೆಲವು ವರ್ಷಗಳ ಮೇಲೆ ಅಚ್ಚಾದ ಪುಸ್ತಕ ತರಿಸುವಾಗ ಆಗಿನ ಧನಿಗಳು, ‘ಆ ಕಲಮು ಯಾಕೆ ಮಾರಾಯಾ, ಕಾಗದ ದಂಡ’ ಎಂದರು. ನಾನೂ ತೆಗೆಸಿಬಿಟ್ಟೆ. ಈಗ ಯೋಚಿಸಿದರೆ, ಆ ಕಂಪನಿಯ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ದಿನ ಇನ್ನೊಂದಿರಲಿಲ್ಲ, ಮತ್ತು ಅಂದು ನಮ್ಮಲ್ಲಿ ಯಾರಿಗೂ ಅದು ತಿಳಿಯಲಿಲ್ಲ.

ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಯೋಜನೆಯ ನಕಾಶೆಯಲ್ಲಿ ನದಿ ಎಂಬುದು ನೀಲಿ ಗೆರೆಯಷ್ಟೇ. ಒಳಗಿನ ಧಕ್ಕೆಯಲ್ಲಿ ಅದಿರು ತುಂಬಿದ ಬಾರ್ಜ್, ಇಳಿತದ ನೀರಿನ ಹೊತ್ತು ನೋಡಿ ಹೊರಡಬೇಕು. ತಡವಾದರೆ ಮರಳದಿಣ್ಣೆಯ ಮೇಲೆ ಕೂತು ಮುಂದಿನ ಉಬ್ಬರಕ್ಕೆ ಕಾಯಬೇಕು, ಬೇಗ ಹೊರಟರೆ ಸೇತುವೆಯ ಕೆಳಗೆ ನುಸುಳುವಾಗ ಮೇಲ್ಛಾವಣಿಗೆ ಅಪಾಯ. ಮಳೆಗಾಲದಲ್ಲಿ ಅಗ್ವಾದದ ಅಳಿವೆ ಬಾಯಿ ಕಟ್ಟಿಕೊಳ್ಳುತ್ತದೆ. ಆಗ ಮಾಂಡೋವಿಯ ಬಾರ್ಜುಗಳಿಗೆ ಮುರ್ಮುಗಾಂವ ಬಂದರು ಸೇರಲು ಉಳಿಯುವ ದಾರಿ ಕುಂಭಾರಜುವೆ ಕಾಲುವೆ ಒಂದೇ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ, ಕೆಸರಿನ ಮೇಲೆ ಮೊಸಳೆಗಳು ಬಿಸಿಲು ಕಾಯಿಸುವ ಆ ಇಕ್ಕಟ್ಟಿನಲ್ಲಿ ಸಾವಿರಾರು ಟನ್ ತೂಕದ ಎರಡು ಬಾರ್ಜುಗಳು ಎದುರುಬದುರು ಬಂದಾಗ ಯಾರು ನಿಲ್ಲಬೇಕು, ಯಾರು ಮುಂದೆ ಹೋಗಬೇಕು ಎಂಬುದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ ಎಂದಲ್ಲ, ಆದರೆ ಬಾರ್ಜ್ ನಡೆಸುವ ತಾಂಡೇಲರು ಅದನ್ನು ಪುಸ್ತಕದಿಂದ ಕಲಿತವರಲ್ಲ. ನಮ್ಮ ತಾಂಡೇಲರಲ್ಲಿ, ಖಲಾಸಿಗಳಲ್ಲಿ ಕಾರವಾರ, ಅಂಕೋಲಾ ಕಡೆಯವರು ಇದ್ದರು. ನೂಲಹುಣ್ಣಿಮೆಗೆ ನೀರಿಗೆ ತೆಂಗಿನಕಾಯಿ ಬಿಟ್ಟು ಹೊಸ ಹಂಗಾಮು ಶುರುಮಾಡುತ್ತಿದ್ದರು, ಚೌತಿಗೆ ರಜೆ ಕೇಳಿ ಒಟ್ಟಿಗೇ ಊರಿಗೆ ಹೊರಟು ನನ್ನ ಹಾಜರಿ ಪುಸ್ತಕವನ್ನು ಬರಿದು ಮಾಡುತ್ತಿದ್ದರು.

ಮೂರನೆಯ ತಲೆಮಾರಿಗೆ ಬಂದದ್ದು ಚೀನಾದ ಬೇಡಿಕೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ, ಹಿಂದೆ ಯಾರೂ ಮೂಸಿ ನೋಡದಿದ್ದ ಕೀಳು ದರ್ಜೆಯ ಅದಿರಿನ ಪುಡಿಗೂ ಬೆಲೆ ಬಂತು. ಬಳ್ಳಾರಿ–ಹೊಸಪೇಟೆಯ ಅದಿರೂ ರೈಲಿನಲ್ಲಿ ಗೋವಾ ಸೇರಿ, ಸಾವರ್ಡೆ–ಕುಡಚಡೆ ಕಡೆಯ ಧಕ್ಕೆಗಳಿಂದ ಜುವಾರಿಯ ಬಾರ್ಜುಗಳನ್ನು ಏರಿತು. 2010–11ರಲ್ಲಿ ಗೋವಾದಿಂದ ರಫ್ತಾದ ಅದಿರು 5 ಕೋಟಿ ಟನ್ನನ್ನು ಮೀರಿತ್ತು, ಅದರಲ್ಲಿ ಕರ್ನಾಟಕದ ಪಾಲೂ ಸೇರಿತ್ತು. ಬ್ಯಾಂಕಿನವರು ಜಗಲಿಗೆ ಬಂದು ಸಾಲ ಕೊಟ್ಟರು; ಎರಡು ಸಾವಿರ ಟನ್ನಿನ ಬಾರ್ಜ್ ಕಟ್ಟಿಸುವುದು ಹೊಸ ಮನೆ ಕಟ್ಟಿಸಿದಷ್ಟೇ ಸಹಜವಾಯಿತು. ಮಚವೆಯ ಅಜ್ಜನ ಮೊಮ್ಮಗನಾದ ಈ ಧನಿಗೆ ನಾನು ಒಮ್ಮೆ, ಹಿಂದಿನವರು ಸಾಲದಲ್ಲಿ ದೋಣಿ ಕಟ್ಟಿಸಿದವರಲ್ಲ ಎಂದು ಹೇಳಿದ್ದುಂಟು. ಅವನು ನಕ್ಕ. ನಾನೂ ಸಂಬಳ ಹೆಚ್ಚಿಸಿಕೊಂಡು ಸುಮ್ಮನಾದೆ.

ಮುಂದಿನದು ತಮಗೆ ಗೊತ್ತಿರುವುದೇ. 2010ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ತನ್ನ ಬಂದರುಗಳಿಂದ ಅದಿರು ರಫ್ತನ್ನು ನಿಲ್ಲಿಸಿತು, ಮರುವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿಯ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. 2012ರ ಸೆಪ್ಟೆಂಬರಿನಲ್ಲಿ, ಅಕ್ರಮ ಗಣಿಗಾರಿಕೆಯ ತನಿಖೆ ನಡೆಸಿದ ಶಾ ಆಯೋಗದ ವರದಿ ಹೊರಬಿದ್ದು ಗೋವಾದ ಗಣಿಗಳು ನಿಂತವು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶವೂ ಬಂತು. 2014ರ ಏಪ್ರಿಲ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿಯೊಡನೆ ತಡೆ ಸಡಿಲಿತು. 2018ರ ಫೆಬ್ರವರಿ 7ರಂದು 88 ಗಣಿ ಗುತ್ತಿಗೆಗಳು ರದ್ದಾದವು, ಮಾರ್ಚ್ 16ರಿಂದ ಮತ್ತೆ ಎಲ್ಲವೂ ಸ್ತಬ್ಧ. ದೊಡ್ಡ ಮನೆತನಗಳಲ್ಲಿ ಕೆಲವರಿಗೆ ಇದಕ್ಕೆ ಮೊದಲೇ ದಾರಿ ಸಿಕ್ಕಿತ್ತು: ದೆಂಪೊ ಅವರ ಗಣಿ ವ್ಯವಹಾರವನ್ನು 2009ರಲ್ಲಿಯೇ ಸೇಸಾ ಗೋವಾ 1,750 ಕೋಟಿ ರೂಪಾಯಿಗೆ ಕೊಂಡಿತ್ತು. ಒಂದೆರಡು ಬಾರ್ಜಿನ ಮನೆಯವರನ್ನು ಕೊಳ್ಳುವವರು ಯಾರು? ಲಂಗರು ಹಾಕಿ ನಿಲ್ಲಿಸಿದ ಬಾರ್ಜಿಗೂ ಕಾವಲುಗಾರ ಬೇಕು, ತಳಕ್ಕೆ ಬಣ್ಣ ಬೇಕು, ವಿಮೆ ಬೇಕು, ಬಡ್ಡಿಯಂತೂ ರಾತ್ರಿಯೂ ಮಲಗುವುದಿಲ್ಲ. ಕೊನೆಗೆ ಗುಜರಿಯವರು ಬಂದರು. ಧನಿಗಳ ತಂದೆ ಕಟ್ಟಿಸಿದ ಮೊದಲ ಬಾರ್ಜನ್ನು ಗ್ಯಾಸ್ ಕಟರಿನಿಂದ ತುಂಡರಿಸುವ ದಿನ ಮನೆಯವರು ಯಾರೂ ದಂಡೆಗೆ ಬರಲಿಲ್ಲ. ತೂಕ ಬರೆದುಕೊಳ್ಳಲು ನನ್ನನ್ನು ಕಳಿಸಿದರು. ಸರಕಿನ ತೂಕ ಬರೆಯುತ್ತಿದ್ದ ಅದೇ ಪುಸ್ತಕದಲ್ಲಿ ದೋಣಿಯ ತೂಕ ಬರೆದೆ.

ಇದನ್ನು ಓದಿ ಬಾರ್ಜಿನವರು ಬರೀ ಬಲಿಪಶುಗಳೆಂದು ತಾವು ತಿಳಿಯಬಾರದು. ನಮ್ಮ ಉತ್ತರ ಕನ್ನಡದಲ್ಲಿ ಗಜನಿ ಎನ್ನುವ ಉಪ್ಪುನೀರಿನ ಗದ್ದೆಗಳನ್ನು ಗೋವಾದಲ್ಲಿ ಖಾಜನ್ ಎನ್ನುತ್ತಾರೆ. ತಲೆತಲಾಂತರದಿಂದ ಮಣ್ಣು, ಕಲ್ಲು ಹಾಕಿ ಕಾಪಾಡಿಕೊಂಡು ಬಂದ ಅವುಗಳ ಒಡ್ಡುಗಳನ್ನು ಬಾರ್ಜುಗಳು ಎಬ್ಬಿಸಿದ ಅಲೆಗಳು ಕೊರೆದವು, ಗಣಿಯ ಕೆಂಪು ಹೂಳು ಗದ್ದೆಗೂ ಮೀನಿನ ಮರಿಗಳಿಗೂ ಕಂಟಕವಾಯಿತು. ರೈತರು ದಂಡೆಯಲ್ಲಿ ನಿಂತು ಕೂಗಿದಾಗ ನಮ್ಮ ತಾಂಡೇಲರು ವೇಗ ತಗ್ಗಿಸುತ್ತಿದ್ದರು, ತಿರುವು ದಾಟಿದ ಮೇಲೆ ಮತ್ತೆ ಹೆಚ್ಚಿಸುತ್ತಿದ್ದರು. ಖೇಪಿನ ಲೆಕ್ಕದಲ್ಲಿ ಭತ್ಯೆ ಕೊಡುತ್ತಿದ್ದವನು ನಾನೇ ಆದ್ದರಿಂದ ಅದರಲ್ಲಿ ನನ್ನ ಪಾಲೂ ಇದೆ. ಕಾಳಿಯ ದಂಡೆಯಲ್ಲೂ ಗಜನಿಗಳಿವೆ. ಅಲ್ಲಿ ಜಲಮಾರ್ಗ ಮಾಡುವುದಾದರೆ ಬಾರ್ಜಿನ ವೇಗಕ್ಕೆ ಮಿತಿ ಎಷ್ಟು, ಒಡ್ಡು ಒಡೆದರೆ ಕಟ್ಟಿಸಿಕೊಡುವವರು ಯಾರು ಎಂಬುದು ಮೊದಲ ಬಾರ್ಜ್ ನೀರಿಗೆ ಇಳಿಯುವುದಕ್ಕೆ ಮುಂಚೆಯೇ ಬರವಣಿಗೆಯಲ್ಲಿ ಇರಬೇಕು.

ಈಗ ನನ್ನ ಮುಖ್ಯ ವಿಷಯ. ಕೇಂದ್ರ ಸರ್ಕಾರ 2024ರ ಡಿಸೆಂಬರಿನಲ್ಲಿ ‘ಜಲವಾಹಕ’ ಎಂಬ ಯೋಜನೆ ತಂದಿತು. ನದಿಯಲ್ಲಿ ಸರಕು ಸಾಗಿಸುವವರಿಗೆ ನಿರ್ವಹಣಾ ವೆಚ್ಚದ ಶೇಕಡಾ 35ರವರೆಗೆ ಮರುಪಾವತಿ ಎಂಬುದು ಒಳ್ಳೆಯ ಮಾತೇ. ಆದರೆ ಅದು ಗಂಗಾ, ಬ್ರಹ್ಮಪುತ್ರ, ಬರಾಕ್ ಜಲಮಾರ್ಗಗಳಿಗೆ, ಅದೂ 300 ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗುವ ಸರಕಿಗೆ. ನಮ್ಮ ಪಶ್ಚಿಮದ ನದಿಗಳು ಘಟ್ಟದಲ್ಲಿ ಹುಟ್ಟಿ ಒಂದು ಹಗಲಿನ ದಾರಿಯಲ್ಲಿ ಸಮುದ್ರ ಸೇರುವವು. ಮಾಂಡೋವಿಯ ಜಲಮಾರ್ಗವೇ 41 ಕಿಲೋಮೀಟರ್ ಇರುವಾಗ, 300ರ ಅಳತೆಗೋಲು ಹಿಡಿದರೆ ಗೋವಾದಿಂದ ಕೇರಳದವರೆಗಿನ ಈ ನದಿಗಳಲ್ಲಿ ಒಂದೂ ಪರೀಕ್ಷೆಗೆ ಕೂರುವುದಿಲ್ಲ. ಈ ನದಿಗಳಿಗೆ ದೂರದ ಅಳತೆ ಹೊಂದುವುದಿಲ್ಲ. ಅದರ ಬದಲು ಬರುವ ಸರಕಿಗೆ ಸಹಾಯ ಕೊಡಿ ಎಂಬುದು ನನ್ನ ಬಿನ್ನಹ: ಬಂದರಿನಿಂದ ಮೇಲಕ್ಕೆ ಏರುವಾಗ ತುಂಬಿ ಹೋದ ಬಾರ್ಜಿಗೆ ಧಕ್ಕೆಯ ಶುಲ್ಕ ಮನ್ನಾ ಆಗಲಿ, ಡೀಸೆಲ್ಲಿಗೆ ಒಂದಿಷ್ಟು ನೆರವಾಗಲಿ. ಸಿಮೆಂಟು, ರಸಗೊಬ್ಬರ, ಅಡುಗೆ ಅನಿಲದ ಸಿಲಿಂಡರ್, ಪಡಿತರದ ಅಕ್ಕಿ ಇವೆಲ್ಲ ಇಂದಿಗೂ ಕರಾವಳಿಯಿಂದ ಒಳಕ್ಕೆ ಲಾರಿಯಲ್ಲಿ ಏರುತ್ತಲೇ ಇವೆ. ಎಲ್ಲವೂ ನದಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಕಾಳಿ ಜಲಮಾರ್ಗದ ಯಾವುದೇ ಸಾಧ್ಯತಾ ವರದಿಗೆ ಸಹಿ ಹಾಕುವ ಮೊದಲು ಅದರಲ್ಲಿ ‘ಬರುವ ಸರಕು’ ಎಂಬ ಕಲಮು ಇದೆಯೇ, ಇದ್ದರೆ ಅದು ತುಂಬಿದೆಯೇ ಎಂದು ಒಮ್ಮೆ ನೋಡಿ.

ಕುಟುಂಬದ ಕೈಯಲ್ಲಿರುವ ಬಾರ್ಜ್ ಕಂಪನಿ ಎಂಬುದೇ ಹಳೆಯ ಕಾಲದ ಮಾತು ಎನ್ನುವವರಿದ್ದಾರೆ. ಅಮೆರಿಕದ ನ್ಯಾಶ್‌ವಿಲ್‌ನ ಇಂಗ್ರಾಮ್ ಬಾರ್ಜ್ ಕಂಪನಿ 1946ರಿಂದ ಒಂದೇ ಮನೆತನದ ಕೈಯಲ್ಲಿದೆ, ಮತ್ತು ಅದು ಮಿಸಿಸಿಪ್ಪಿ, ಒಹಾಯೊ ನದಿಗಳ ಅತಿ ದೊಡ್ಡ ಸಾಗಣೆದಾರರಲ್ಲಿ ಒಂದು. ಆ ನದಿಗಳಲ್ಲಿ ಕೆಳಕ್ಕೆ ಜೋಳ, ಸೋಯಾಬೀನ್ ಇಳಿದರೆ ಮೇಲಕ್ಕೆ ರಸಗೊಬ್ಬರ, ಉಪ್ಪು ಏರುತ್ತವೆ. ಕಲ್ಲಿದ್ದಲು, ಜಲ್ಲಿ, ರಾಸಾಯನಿಕ ಎಲ್ಲವೂ ಉಂಟು. ನದಿಯ ಗಾತ್ರದಲ್ಲಿ ನಮಗೂ ಅವರಿಗೂ ಹೋಲಿಕೆಯಿಲ್ಲ. ಆದರೆ ಒಂದು ಸರಕಿನ ಕಾಲ ಮುಗಿದರೆ ಇನ್ನೊಂದು ಕೈಹಿಡಿಯುವ ಅನುಕೂಲ ಅವರ ಮೊಮ್ಮಕ್ಕಳಿಗೆ ಸಿಕ್ಕಿತು, ನಮ್ಮ ಮಚವೆಯ ಅಜ್ಜನ ಮೊಮ್ಮಗನಿಗೆ ಸಿಗಲಿಲ್ಲ.

ಗೋವಾದಲ್ಲಿ ಹರಾಜಿನ ನಂತರ ಕೆಲವು ಗಣಿಗಳು ಮತ್ತೆ ತೆರೆಯುತ್ತಿವೆ, ಬಾರ್ಜುಗಳಿಗೆ ಕೆಲಸ ಸಿಗುತ್ತದೆ ಎಂಬ ಮಾತು ಕೇಳಿಬರುತ್ತಿದೆ. ಸಿಗಲಿ. ಆದರೆ ಹಳೆಯ ತಾಂಡೇಲರು ಹಲವರು ಮನೆ ಸೇರಿದ್ದಾರೆ, ಕೆಲವರು ಮೀನಿನ ದೋಣಿಗೆ ಹೋಗಿದ್ದಾರೆ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ, ನಾವಿಕರ ಅರ್ಹತಾ ಪತ್ರಗಳ ನಿಯಮಗಳೂ ಅದರಡಿಯಲ್ಲಿವೆ. ಮೂವತ್ತು ವರ್ಷ ಕುಂಭಾರಜುವೆಯ ತಿರುವುಗಳಲ್ಲಿ ಚುಕ್ಕಾಣಿ ಹಿಡಿದವನು ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮುಂದೆ ಸೋಲುವಂತಾಗಬಾರದು. ಕಾಳಿಯಲ್ಲಿ ದೋಣಿ ನಡೆಸುವವರನ್ನು ತಯಾರು ಮಾಡುವಾಗ ಇವರನ್ನು ಕರೆದು, ಕೊಂಕಣಿಯಲ್ಲೋ ಕನ್ನಡದಲ್ಲೋ ಮಾತಾಡಿಸಿ, ಹೊಸ ಹುಡುಗರ ಪಕ್ಕದಲ್ಲಿ ಕೂರಿಸಿ.

ಕೊನೆಯದಾಗಿ ದಾಖಲೆಗಳ ವಿಷಯ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದೇವೆ. ಮಕ್ಕಳನ್ನು ಕರೆದೊಯ್ದು ತೋರಿಸುತ್ತೇವೆ, ಸಂತೋಷ. ಇದೇ ನೀರಿನಲ್ಲಿ ಅಕ್ಕಿ, ಹೆಂಚು, ಅದಿರು ಹೊತ್ತ ದೋಣಿಗಳದ್ದಾಗಿ ನಾವು ಏನನ್ನೂ ಉಳಿಸಿಕೊಂಡಿಲ್ಲ. ಬಾರ್ಜುಗಳು ಗುಜರಿಗೆ ಹೋದವು, ಅವುಗಳ ನಕ್ಷೆ, ಪ್ರಯಾಣದ ದಿನಚರಿ, ಖತಾವಣಿಗಳು ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಗೋವಾದಲ್ಲೂ ನಮ್ಮ ಕರಾವಳಿಯಲ್ಲೂ ಇಂಥ ಮನೆಗಳು ಇನ್ನೂ ಇವೆ. ಒಬ್ಬ ತಿಳಿದ ಮನುಷ್ಯನನ್ನು, ಒಂದು ಸ್ಕ್ಯಾನರ್ ಕೊಟ್ಟು, ಮನೆಯಿಂದ ಮನೆಗೆ ಕಳಿಸಿದರೆ ಸಾಕು. ಹೆಸರು ಬೇಡವೆನ್ನುವವರ ಹೆಸರನ್ನು ಮುಚ್ಚಿಟ್ಟು, ಲೆಕ್ಕವನ್ನಷ್ಟೇ ತೆಗೆದುಕೊಳ್ಳಲಿ.

ನಮ್ಮ ಧನಿಗಳ ಮನೆಯವರು ಬೀರು ಖಾಲಿ ಮಾಡುವಾಗ ಪುಸ್ತಕಗಳನ್ನು ಸುಡಲು ಹೊರಟಿದ್ದರು, ನಾನು ಕೇಳಿ ತಂದೆ. ಮಚವೆಯ ಕಾಲದ ಕಿರ್ದಿಗಳೂ ಸೇರಿ ಅವು ಎರಡು ತಗಡಿನ ಪೆಟ್ಟಿಗೆಗಳಲ್ಲಿ ನನ್ನ ಮನೆಯಲ್ಲಿವೆ. ಎಲ್ಲಕ್ಕಿಂತ ಹಳೆಯದರ ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿವೆ, ನಮ್ಮ ಕಡೆಯ ಮಳೆ ತಮಗೆ ಗೊತ್ತೇ ಇದೆ. ಜೂನ್ ತಿಂಗಳಿಗೆ ಮೊದಲು ತಮ್ಮ ಕಚೇರಿಯಿಂದ ಯಾರಾದರೂ ಬಂದರೆ, ಕುಟುಂಬದವರ ಒಪ್ಪಿಗೆಯ ಪತ್ರದೊಡನೆ ಅವನ್ನು ಒಪ್ಪಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಬಾರ್ಜ್ ಕಂಪನಿಯೊಂದರ ನಿವೃತ್ತ ಗುಮಾಸ್ತ,
ಕಾರವಾರ